ಮನೆಯ ಕೈಗೆಲಸ: ಕೈಯಿಲ್ಲದ ಕಡೆಗೋಲು

ಕೆಟ್ಟುಹೋದ ಕಂಪ್ಯೂಟರು ಒಮ್ಮೆ ಅಟ್ಟವನ್ನೇರಿತೆಂದರೆ ಅದು ಕೆಳಗಿಳಿಯುವುದು ಗುಜರಿಯವನ ಚೀಲಕ್ಕೇ ಎಂದು ಗೃಹಸ್ಥರು ಬಗೆದಿರುತ್ತಾರೆ. ಆದರೆ ಅದರೊಳಗಿನ ಪುಟ್ಟ ಪಂಖದಿಂದಲೂ ಅಯಸ್ಕಾಂತದಿಂದಲೂ ಅಡಿಗೆಮನೆಗೆ ಒದಗುವ ಸಾಧನವೊಂದನ್ನು ಮಾಡಿಕೊಳ್ಳಬಹುದು. ಅದರ ಕ್ರಮವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಮೊಸರು ಕಡೆಯುವಾಗ ಕಡೆಗೋಲನ್ನು ಹಗ್ಗದಿಂದ ಎಳೆಯುತ್ತೇವಷ್ಟೆ. ಇಲ್ಲಿ ಹಗ್ಗವೂ ಇಲ್ಲ, ಕೈಯೂ ಇಲ್ಲ. ಪಾತ್ರೆಯ ಕೆಳಗೆ ಅಯಸ್ಕಾಂತವು ತಿರುಗಿದಂತೆ ಒಳಗಿನ ಕಾಂತದ ಕಡ್ಡಿಯೂ ತಿರುಗುವುದು. ಅಮೆರಿಕದ ಆರ್ಥರ್ ರೋಸಿಂಜರ್ ಎಂಬವರು 1944ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದರು. ಪ್ರಯೋಗಶಾಲೆಯ ಈ ವಸ್ತುವನ್ನು ಮನೆಯಲ್ಲಿ ಬಿಯರ್ ಮಾಡುವ ಅಲ್ಲಿಯ ಹವ್ಯಾಸಿಗಳು ಹಳೆಯ ಸಾಮಾನುಗಳಿಂದ ಕಟ್ಟಿಕೊಂಡರು. ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ಬೆಳೆಸುವುದೇ ಅವರ ಉದ್ದೇಶ. ದ್ರವವು ಸದಾ ಕಲಕುತ್ತಿದ್ದರೆ ಯೀಸ್ಟ್ ತಳಕ್ಕಿಳಿಯದು, ಅದಕ್ಕೆ ಗಾಳಿ ದೊರೆಯುವುದು, ಅದು ಬಿಡುವ ಅನಿಲವೂ ಹೊರಹೋಗುವುದು.

ಅಲ್ಲಿ 1978ರ ಕಾನೂನು ಮನೆಯ ಬಿಯರಿಗೆ ಅವಕಾಶವಿತ್ತಿತು. ನಮ್ಮಲ್ಲಾದರೋ 1965ರ ಕರ್ನಾಟಕ ಅಬಕಾರಿ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದಕಾರಣ ಬಿಯರಿನ ಮಾತನ್ನು ಇಲ್ಲಿಗೇ ಬಿಡತಕ್ಕದ್ದು. ನಮಗೆ ಬೇಕಾದುದು ಪಾವಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಸನ್ನಗಳನ್ನು ಕಳ್ಳು ಹಾಕಿ ಉಬ್ಬಿಸುವ ರೂಢಿಯುಂಟು. ಆ ಕೆಲಸವೂ ಈ ಜೀವಿಯದೇ. ಕಾರವಾರ, ಅಂಕೋಲೆಗಳ ನಡುವಣ ಹಟ್ಟಿಕೇರಿಯಂಥ ಊರಿನಲ್ಲಿ ಮಳೆಗಾಲದ ತೇವ ತಗಲಿದರೆ ಒಡೆದ ಪೊಟ್ಟಣದ ಯೀಸ್ಟ್ ಬೇಗನೆ ಬಲಗುಂದುವುದು. ಉಳಿದ ಚಿಟಿಕೆಯನ್ನು ಬೆಳೆಸಿಕೊಂಡರೆ ಕಲಸಿದ ಹಿಟ್ಟು ಹಾಳಾಗದು.

ಇನ್ನು ಸಾಮಗ್ರಿ. ಕಂಪ್ಯೂಟರಿನ 12 ವೋಲ್ಟಿನ ಪಂಖ, ಹಾರ್ಡ್ ಡಿಸ್ಕಿನೊಳಗಿನ ಅಯಸ್ಕಾಂತ, ಮರದ ಪೆಟ್ಟಿಗೆ, ಹಳೆಯ ಮೊಬೈಲಿನ 5 ವೋಲ್ಟಿನ ಚಾರ್ಜರ್, ಇಷ್ಟು ಸಾಕು. 12 ವೋಲ್ಟಿನ ಅನೇಕ ಪಂಖಗಳು 5 ವೋಲ್ಟಿನಲ್ಲಿ ಮೆಲ್ಲಗೆ ತಿರುಗುವವು. ನಮಗೆ ಬೇಕಾದುದೂ ಮೆಲುಗತಿಯೇ. ಪಂಖದ ನಡುಗುಂಬಕ್ಕೆ ಉಕ್ಕಿನ ವಾಶರನ್ನು ಅಂಟಿಸಿ, ಅದರ ಮೇಲೆ ಅಯಸ್ಕಾಂತವನ್ನು ಸರಿಯಾಗಿ ಮಧ್ಯದಲ್ಲಿ ಕೂರಿಸಬೇಕು. ಈ ಅಯಸ್ಕಾಂತದ ಒಂದೇ ಮುಖದಲ್ಲಿ ಎರಡೂ ಧ್ರುವಗಳಿರುವುದರಿಂದ ಒಂದೇ ಸಾಕು. ಮಧ್ಯ ತಪ್ಪಿದರೆ ಪೆಟ್ಟಿಗೆಯೆಲ್ಲ ನಡುಗುವುದು. ಪೆಟ್ಟಿಗೆಯ ಮುಚ್ಚಳಕ್ಕೂ ಅಯಸ್ಕಾಂತಕ್ಕೂ ನಡುವೆ ಕೆಲವೇ ಮಿಲಿಮೀಟರ್ ಅಂತರವಿರಲಿ. ಒಳಗೆ ಬೀಳುವ ಕಡ್ಡಿಯು ಟೆಫ್ಲಾನ್ ಹೊದಿಕೆಯದೇ ಆಗಬೇಕು. ಅದನ್ನು ಕೊಳ್ಳುವುದೇ ಕ್ಷೇಮ. ಬರಿಯ ಅಯಸ್ಕಾಂತವನ್ನು ತಿನ್ನುವ ಪದಾರ್ಥದಲ್ಲಿ ಹಾಕಲೇಬಾರದು. ಪಾತ್ರೆಯು ಸಮತಳದ ಗಾಜಿನದಿರಲಿ. ಅಯಸ್ಕಾಂತವು ಅಂಟುವ ಉಕ್ಕಿನ ಪಾತ್ರೆ ಒಗ್ಗದು.

300 ಮಿಲಿಲೀಟರ್ ನೀರಿಗೆ 30 ಗ್ರಾಂ ಮಾಲ್ಟ್ ಪುಡಿ ಬೆರೆಸಿ, ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಬೇಕು. ಬಿಸಿ ದ್ರವವನ್ನು ಸಾಧಾರಣ ಗಾಜಿಗೆ ಸುರಿದರೆ ಗಾಜು ಸೀಳುವುದು. ಕಡ್ಡಿಯನ್ನೂ ಪಾತ್ರೆಯನ್ನೂ ಮೊದಲೇ ಶುಚಿಮಾಡಿರಬೇಕು. ದ್ರವವು ಕೈಗೆ ತಗಲಿದರೂ ತಗಲದಷ್ಟು ಬೆಚ್ಚಗಾದಾಗ ಯೀಸ್ಟ್ ಹಾಕಿ, ಬಾಯಿಯನ್ನು ಸಡಿಲವಾಗಿ ಮುಚ್ಚಿ, ಒಂದು ದಿನ ತಿರುಗಲು ಬಿಡಬೇಕು. ಅನಂತರ ತಂಪುಪೆಟ್ಟಿಗೆಯಲ್ಲಿಟ್ಟರೆ ಯೀಸ್ಟ್ ಕೆಳಗಿಳಿಯುವುದು. ಮೇಲಿನ ತಿಳಿಯನ್ನು ಚೆಲ್ಲಿಬಿಡಬೇಕು, ಅದು ಕುಡಿಯತಕ್ಕದ್ದಲ್ಲ. ತಳದ ಬೆಳ್ಳನೆಯ ಗಷ್ಟನ್ನು ಹಿಟ್ಟಿಗೆ ಸೇರಿಸುವುದು. ವಾಸನೆ ಕೆಟ್ಟಿದ್ದರೆ ಎಲ್ಲವನ್ನೂ ಎಸೆದುಬಿಡಬೇಕು.

ಕೊನೆಗೊಂದು ಮಾತು, ಇದನ್ನು ತಾಯಂದಿರು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ಕೋರುತ್ತೇವೆ. ಇಂಥ ಅಯಸ್ಕಾಂತಗಳು ನೋಡಲು ಪುಟ್ಟವಾದರೂ ಬಹಳ ಬಲವುಳ್ಳವು. ಮಗುವೊಂದು ಎರಡನ್ನು ನುಂಗಿದರೆ ಅವು ಕರುಳಿನೊಳಗೆ ಒಂದನ್ನೊಂದು ಸೆಳೆದು ಕರುಳನ್ನು ಹಿಸುಕಿ ತೂತು ಮಾಡಬಲ್ಲವು. ನುಂಗಿದ ಶಂಕೆ ಬಂದರೆ ಮಗುವಿನ ನಗುಮುಖವನ್ನು ನೋಡಿ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹೃದಯಕ್ಕೆ ಪೇಸ್‌ಮೇಕರ್ ಇರಿಸಿಕೊಂಡವರೂ ಈ ಯಂತ್ರದಿಂದ ದೂರವಿರುವುದು ಒಳ್ಳೆಯದು. ಅಟ್ಟದ ಸಾಮಾನಿಗೆ ಎರಡನೆಯ ಬಾಳು ಕೊಡುವುದು ಜಾಣತನವೇ ಸರಿ. ಆದರೆ ಕೆಲಸ ಮುಗಿದೊಡನೆ ಅದನ್ನು ಮಕ್ಕಳ ಕೈಗೆಟುಕದ ಕಡೆ ಎತ್ತಿಡುವ ಮನೆಯಲ್ಲಿ ಮಾತ್ರ ಅದು ಜಾಣತನವೆನಿಸುವುದು.