ಬ್ರೆಜಿಲಿನ ಪಟ್ಟಣಗಳು

ನಗರವೊಂದರ ಗುಣಾವಗುಣಗಳನ್ನು ಅರಿಯಬೇಕಾದರೆ ಅದು ಯಾರ ಪ್ರಯೋಜನಾರ್ಥವಾಗಿ ಹುಟ್ಟಿತೆಂಬುದನ್ನು ಮೊದಲು ವಿಚಾರಿಸತಕ್ಕದ್ದು. ದಕ್ಷಿಣ ಅಮೆರಿಕಾ ಖಂಡದ ಸುಮಾರು ಅರ್ಧಭಾಗವನ್ನು ವ್ಯಾಪಿಸಿರುವ ಬ್ರೆಜಿಲ್ ದೇಶದಲ್ಲಿ ಹಳೆಯ ಪಟ್ಟಣಗಳು ಬಹುಮಟ್ಟಿಗೆ ಕಡಲ ಅಂಚಿನಲ್ಲಿಯೇ ಸಾಲುಗಟ್ಟಿ ನಿಂತಿರುವುವು. ಒಡೆಯನು ಸಮುದ್ರದಾಚೆ ಕುಳಿತಿದ್ದನಾದುದರಿಂದ ಪಟ್ಟಣಗಳ ಮುಖವೂ ಅತ್ತ ಕಡೆಗೇ ತಿರುಗಿದ್ದಿತು.

1549ರಲ್ಲಿ ತೊಮೆ ದ ಸೋಜನು ಪೋರ್ತುಗಲ್ಲಿನ ದೊರೆಯ ಅಪ್ಪಣೆಯಂತೆ ಸ್ಥಾಪಿಸಿದ ಸಾಲ್ವದೋರ್ ನಗರವು 214 ವರ್ಷಗಳ ಕಾಲ ರಾಜಧಾನಿಯಾಗಿದ್ದಿತು. ಸಕ್ಕರೆ ಹೊರಗೆ ಹೋಗುವುದು, ಆಫ್ರಿಕದ ಗುಲಾಮರು ಒಳಗೆ ಬರುವುದು, ಇದೇ ಅದರ ವ್ಯಾಪಾರ. ಗೋವೆಯಿಂದ ಲಿಸ್ಬನ್ನಿಗೆ ಹಿಂದಿರುಗುವ ಹಡಗುಗಳೂ ಅನೇಕ ವೇಳೆ ಅಲ್ಲಿ ತಂಗುತ್ತಿದ್ದುವು. (ನಮ್ಮ ಮಂಗಳೂರು ಸೀಮೆಯ ಗೇರುಮರವು ಮೂಲತಃ ಬ್ರೆಜಿಲಿನದೆಂದೂ, ಪೋರ್ತುಗೀಸರ ಮೂಲಕ ಇತ್ತ ಬಂದುದೆಂದೂ ವಾಚಕರು ಬಲ್ಲರು.) ಒಳನಾಡಿನ ಮಿನಾಸ್ ಪ್ರಾಂತದಲ್ಲಿ ಚಿನ್ನ ದೊರೆತ ಬಳಿಕ ಅದನ್ನು ಸಾಗಿಸಲು ಅನುಕೂಲವಾದ ರೇವು ರಿಯೋ ಡಿ ಜನೈರೊ ಆದುದರಿಂದ 1763ರಲ್ಲಿ ರಾಜಧಾನಿಯೂ ಅಲ್ಲಿಗೇ ನಡೆಯಿತು. ಇಡೀ ಗುಲಾಮ ವ್ಯಾಪಾರದ ಕಾಲದಲ್ಲಿ ಈ ದೇಶದ ರೇವುಗಳಲ್ಲಿ ಇಳಿದ ಆಫ್ರಿಕನರು 40 ಲಕ್ಷಕ್ಕೂ ಮಿಗಿಲು. ದಾಸ್ಯವು ಕಾನೂನಿನಿಂದ ರದ್ದಾದುದು 1888ರಲ್ಲಿ. ಬಿಡುಗಡೆ ಹೊಂದಿದವರಿಗೆ ನೆಲವನ್ನಾಗಲಿ ಮನೆಯನ್ನಾಗಲಿ ಕೊಡಬೇಕೆಂಬ ಯೋಚನೆ ಆ ಕಾನೂನಿಗೆ ಬರಲಿಲ್ಲ. ರಿಯೋ ನಗರದ ಗುಡ್ಡಗಳ ಮೇಲಿನ ಗುಡಿಸಲುಗಳನ್ನು ಕಂಡು ಮೂಗು ಮುರಿಯುವ ಪ್ರವಾಸಿಗರು ಇದನ್ನು ಮರೆಯುತ್ತಾರೆ.

1554ರಲ್ಲಿ ಜೆಸ್ಯೂಟ್ ಪಾದ್ರಿಗಳು ಘಟ್ಟದ ಮೇಲೆ ಕಟ್ಟಿದ ಪಾಠಶಾಲೆಯಿಂದ ಬೆಳೆದ ಸಾವೊ ಪಾಲೊ ಬೇರೆ ಬಗೆಯದು. ಕಾಫಿಯೂ, ಇಟಲಿ ಜಪಾನುಗಳಿಂದ ಬಂದ ವಲಸೆಗಾರರೂ ಅದನ್ನು ಹಿರಿದಾಗಿಸಿದರು.

ಮನೌಸ್ ಪಟ್ಟಣದ ಕಥೆಯಾದರೋ ಎಚ್ಚರಿಕೆಯಿಂದ ಓದತಕ್ಕದ್ದಾಗಿದೆ. ಅಮೆಜಾನ್ ಅರಣ್ಯದ ನಟ್ಟನಡುವೆ, ರಬ್ಬರಿನ ಹಣದಿಂದ, 1896ರಲ್ಲಿ ಅಲ್ಲಿ ಒಂದು ಭವ್ಯವಾದ ನಾಟಕಶಾಲೆ ತೆರೆಯಿತು. ಅಮೃತಶಿಲೆ ಇಟಲಿಯಿಂದ ಬಂದಿತು. ಕಾಡಿನಲ್ಲಿ ಮರ ಕೆತ್ತಿ ಹಾಲು ಇಳಿಸುವವನಾದರೋ ಸಾಹುಕಾರನ ಸಾಲದಲ್ಲಿಯೇ ಸತ್ತನು. ಅದಕ್ಕೆ 20 ವರ್ಷ ಮೊದಲೇ, 1876ರಲ್ಲಿ, ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲನು ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ್ದನು. ಅವುಗಳ ಸಂತತಿ ಸಿಂಹಳ, ಮಲಯಗಳಲ್ಲಿ ತೋಟಗಳಾಗಿ ಫಲಿಸಿದೊಡನೆ ಮನೌಸಿನ ವೈಭವವು ಇಳಿದುಹೋಯಿತು. ಒಂದೇ ಸರಕನ್ನು ನಂಬಿ, ಅದರ ಬೆಲೆಯನ್ನು ಪರದೇಶದ ಪೇಟೆಗೆ ಬಿಟ್ಟುಕೊಟ್ಟ ಊರಿನ ಗತಿ ಇದು. 1967ರಲ್ಲಿ ಸುಂಕದ ರಿಯಾಯಿತಿ ಕೊಟ್ಟು ಕಾರ್ಖಾನೆಗಳನ್ನು ಕರೆತಂದ ಮೇಲೆಯೇ ಅದು ಮತ್ತೆ ಚೇತರಿಸಿಕೊಂಡಿತು.

ಕಡಲಿಗೆ ಬೆನ್ನು ಮಾಡಿ ದೇಶದ ನಡುವೆ ರಾಜಧಾನಿಯನ್ನು ಕಟ್ಟಬೇಕೆಂಬ ಸಂಕಲ್ಪವನ್ನು 1891ರ ರಾಜ್ಯಾಂಗದಲ್ಲಿಯೇ ಬರೆದಿದ್ದರು. ಅದನ್ನು ನೆರವೇರಿಸಿದವನು ಅಧ್ಯಕ್ಷ ಕುಬಿಚೆಕ್. ಲೂಸಿಯೋ ಕೋಸ್ತನ ನಕ್ಷೆ, ಆಸ್ಕರ್ ನೀಮಯರನ ಭವನಗಳು. 1960ರ ಏಪ್ರಿಲ್ 21ರಂದು ಬ್ರೆಸೀಲಿಯ ನಗರವು ರಾಜಧಾನಿಯಾಯಿತು. ಸ್ವಾತಂತ್ರ್ಯಕ್ಕಾಗಿ ಒಳಸಂಚು ಹೂಡಿ 1792ರಲ್ಲಿ ಗಲ್ಲಿಗೇರಿದ ತಿರದೆಂತೆಸನು ಹುತಾತ್ಮನಾದ ದಿನವೂ ಅದೇ. ಇದು ಬರಿಯ ದುಂದುಗಾರಿಕೆ ಎಂದು ಆಗ ಕೂಗಿದವರೊಡನೆ ನಾವು ದನಿಗೂಡಿಸಲಾರೆವು. ಸಾಲ ಹೆಚ್ಚಿತು, ಬೆಲೆಗಳು ಏರಿದುವು, ನಿಜ. ಆದರೂ ಪರಕೀಯನು ಗೊತ್ತುಮಾಡಿದ ಸ್ಥಳದಲ್ಲಿಯೇ ಸ್ವತಂತ್ರ ಜನಾಂಗವು ಎಂದೆಂದಿಗೂ ತನ್ನ ಆಡಳಿತವನ್ನು ನಡಸಬೇಕೆಂಬ ನಿಯಮವಿಲ್ಲ. ರಸ್ತೆಗಳು ಒಳನಾಡನ್ನು ಮುಟ್ಟಿದುದು ಈ ಸಾಹಸದಿಂದಲೇ.

ನಮ್ಮ ಆಕ್ಷೇಪಣೆ ಬೇರೆ. ಬಡತನದ ಈಶಾನ್ಯ ಪ್ರಾಂತಗಳಿಂದ ಬಂದು ಆ ಭವನಗಳನ್ನೆತ್ತಿದ ಕೂಲಿಗಾರರು ಕೆಲಸ ಮುಗಿದೊಡನೆ ತಮ್ಮೂರಿಗೆ ಹಿಂದಿರುಗುವರೆಂದು ಯೋಜಕರು ಎಣಿಸಿದ್ದರು. ಸುಮಾರು 5 ಲಕ್ಷ ಜನರಿಗೆಂದು ಹಾಕಿದ ನಕ್ಷೆಯಲ್ಲಿ ಕಟ್ಟಿದವನಿಗೆ ಠಾವಿರಲಿಲ್ಲ. ರಾಜಧಾನಿ ತೆರೆಯುವುದಕ್ಕೆ ಎರಡು ವರ್ಷ ಮೊದಲೇ, 1958ರಲ್ಲಿ, ಅವರಿಗಾಗಿ ತಗ್ವತಿಂಗ ಎಂಬ ಊರನ್ನು ದೂರದಲ್ಲಿ ಕಟ್ಟಬೇಕಾಯಿತು. 1971ರಲ್ಲಿ ಸರಕಾರವು ಗುಡಿಸಲುವಾಸಿಗಳನ್ನು ಎಬ್ಬಿಸಿ ಇನ್ನೊಂದು ಊರಿಗೆ ಸಾಗಿಸಿತು. ಅದರ ಹೆಸರು ಸೆಯ್ಲಾಂದಿಯ. 'ಒತ್ತುವರಿ ನಿರ್ಮೂಲನ ಚಳವಳಿ' ಎಂಬ ಸರಕಾರೀ ಹೆಸರಿನ ಪೋರ್ತುಗೀಸ್ ಮೊದಲಕ್ಷರಗಳಿಂದಲೇ ಆ ಊರಿಗೆ ನಾಮಕರಣವಾಯಿತು! ತನ್ನ ನಿವಾಸಿಗಳನ್ನು ಒತ್ತುವರಿದಾರರೆಂದು ಹೆಸರಿನಲ್ಲಿಯೇ ಸಾರುವ ಊರು ಮತ್ತೊಂದಿರುವುದೋ ಎಂದು ನಮಗೆ ಸಂದೇಹ.

2022ರ ಜನಗಣತಿಯಂತೆ ರಾಜಧಾನಿಯ ಜಿಲ್ಲೆಯಲ್ಲಿ 28 ಲಕ್ಷ ಜನರಿದ್ದರು. ಅದೇ ಗಣತಿಯಲ್ಲಿ ದೇಶದ ಕೊಳಗೇರಿಗಳ ಪೈಕಿ ಜನಸಂಖ್ಯೆಯಿಂದ ಮೊದಲನೆಯದು ರಿಯೋ ನಗರದ ರೊಸಿಞ. ಎರಡನೆಯದು ಸೆಯ್ಲಾಂದಿಯದ ಮಗ್ಗುಲಲ್ಲಿ, ಸುಮಾರು 71,000 ಮಂದಿ ವಾಸಿಸುವ, 'ಉದಯಸೂರ್ಯ' ಎಂಬ ಅರ್ಥದ ಹೆಸರುಳ್ಳ ಬಡಾವಣೆ.