ಬೇಸಿಗೆಯಲ್ಲಿ ಓದಬೇಕಾದವರು ನಾವು

ಮೇ ತಿಂಗಳಿನಲ್ಲಿ ದೌಲತಾಬಾದಿನ ಕೋಟೆಯ ಬಂಡೆ ಬೆಳಗಿನ ಒಂಬತ್ತು ಗಂಟೆಗೇ ಕಾಯತೊಡಗುತ್ತದೆ. ಹತ್ತರ ಮೇಲೆ ಮಕ್ಕಳನ್ನು ಅಂಗಳಕ್ಕೆ ಬಿಡುವಂತಿಲ್ಲ. ಶಾಲೆಗಳು ಜೂನ್ ನಡುವಿನವರೆಗೆ ಬಾಗಿಲು ಹಾಕಿರುತ್ತವೆ. ಊರು ಮಧ್ಯಾಹ್ನಗಳನ್ನು ನಿದ್ದೆಯಲ್ಲಿ ಕಳೆಯುತ್ತದೆ. ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳುವ ನಮ್ಮಂಥ ಕೆಲವು ಕನ್ನಡ ಮನೆಗಳಲ್ಲಿ ಮಾತ್ರ ಇದು ಗಡಿಬಿಡಿಯ ಕಾಲ. ಬರುವ ವರ್ಷ ಏನು ಕಲಿಸುವುದು, ಯಾವ ಪುಸ್ತಕ ತರಿಸುವುದು, ಯಾರು ಯಾವುದನ್ನು ಹೇಳಿಕೊಡುವುದು?

ಹೋದ ಬೇಸಿಗೆಯಲ್ಲಿ ನಾವು ಮಾಡಿದ ಸಿದ್ಧತೆಯೆಂದರೆ ಖರೀದಿ. ಭೂಪಟ, ಗೋಳ, ಬಣ್ಣದ ಅಕ್ಷರಪಟ್ಟಿ, ಗೋಡೆಗೊಂದು ಬಿಳಿ ಹಲಗೆ, ದಿನಕ್ಕೆ ಏಳು ಅವಧಿಗಳ ವೇಳಾಪಟ್ಟಿ. ಆ ಏಳರಲ್ಲಿ ಕನ್ನಡಕ್ಕೂ ಒಂದು ಅವಧಿ ಇತ್ತು, ಊಟದ ಮೇಲೆ, ಕಣ್ಣು ಎಳೆಯುವ ಹೊತ್ತಿಗೆ. ಗಣಪತಿ ಹಬ್ಬ ಬರುವಷ್ಟರಲ್ಲಿ ವೇಳಾಪಟ್ಟಿ ಮುರಿದುಬಿತ್ತು. ಮೊದಲು ಬಿದ್ದದ್ದು ಕನ್ನಡದ ಅವಧಿಯೇ. ಗಣಿತ ಉಳಿಯಿತು, ಇಂಗ್ಲಿಷ್ ಉಳಿಯಿತು, ನೆರೆಮನೆಯ ಗೆಳೆಯರ ದೆಸೆಯಿಂದ ಮರಾಠಿ ತಾನಾಗಿಯೇ ಬೆಳೆಯಿತು. ದೀಪಾವಳಿಗೆ ಬಂದ ಅಜ್ಜಿ "ಏನು ಓದ್ತಾ ಇದ್ದೀಯವ್ವಾ?" ಎಂದು ಕೇಳಿದಾಗ ನಮ್ಮಲ್ಲೊಬ್ಬರ ಒಂಬತ್ತು ವರ್ಷದ ಮಗಳು ಉತ್ತರವನ್ನು ಮೂರು ಭಾಷೆಗಳಲ್ಲಿ ತಡಕಾಡಿ, ಕೊನೆಗೆ ಒಳಗೆ ಹೋಗಿ ಪುಸ್ತಕವನ್ನೇ ತಂದು ತೋರಿಸಿದಳು. ಆ ಹುಡುಗಿಗೆ ಕನ್ನಡ ಬರುತ್ತದೆ. ಹಸಿವು, ಹಟ, ಜಗಳ ಎಲ್ಲವೂ ಕನ್ನಡದಲ್ಲಿಯೇ. ಓದಿದ್ದನ್ನು ಹೇಳಲು ಮಾತ್ರ ಅವಳಲ್ಲಿ ಕನ್ನಡವಿರಲಿಲ್ಲ.

ಅದು ಅವಳ ತಪ್ಪಾಗಿರಲಿಲ್ಲ. ಕನ್ನಡವನ್ನು ನಾವು ಒಂದು ವಿಷಯವಾಗಿ ಕಲಿಸಿದೆವು. ಕನ್ನಡದಲ್ಲಿ ಯಾವ ವಿಷಯವನ್ನೂ ಕಲಿಸಲಿಲ್ಲ. ಹೊರನಾಡಿನಲ್ಲಿ ಮನೆಪಾಠ ನಡೆಸುವವರು ಕಡೆಯ ಪಕ್ಷ ಒಂದು ವಿಷಯವನ್ನಾದರೂ ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಹೇಳಬೇಕೆಂದು ಈಗ ನಮಗೆ ಅನ್ನಿಸುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಸಿದ್ಧರಾಗಬೇಕಾದವರು ತಾಯಿತಂದೆಯರು. ನಮ್ಮಲ್ಲಿ ಹೆಚ್ಚಿನವರು ಏಳನೆಯ ತರಗತಿಯ ಆಚೆಗೆ ಕನ್ನಡದಲ್ಲಿ ಲೆಕ್ಕವನ್ನಾಗಲಿ ಭೂಗೋಳವನ್ನಾಗಲಿ ಓದಿದವರಲ್ಲ. ಕನ್ನಡದಲ್ಲಿ ನಾವು ಭಾವುಕರಾಗಬಲ್ಲೆವು, ವಿವರಿಸಲಾರೆವು. ಮಕ್ಕಳು ನಮ್ಮಿಂದ ಪಡೆದದ್ದೂ ಅಷ್ಟನ್ನೇ.

ಪುಸ್ತಕವೆಲ್ಲಿ ಎಂದು ಕೇಳುವವರಿಗೆ ಉತ್ತರ ಈ ರಾಜ್ಯದಲ್ಲಿಯೇ ಇದೆ. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ ಸಂಸ್ಥೆ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಮರಾಠಿಯಲ್ಲಿ ಮಾತ್ರವಲ್ಲದೆ ಕನ್ನಡದಲ್ಲಿಯೂ ಹೊರತರುತ್ತದೆ; ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಿಗಾಗಿ. ಅವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬೆಂಗಳೂರಿನಿಂದ ಪುಸ್ತಕ ತರಿಸಿಕೊಳ್ಳುವ ನಾವು ಇದನ್ನು ಇಷ್ಟು ತಡವಾಗಿ ಗಮನಿಸಿದೆವೆಂಬುದು ನಾಚಿಕೆಯ ಸಂಗತಿ. ಕರ್ನಾಟಕದ ಪುಸ್ತಕಗಳು ಭಾಷೆಯ ಓದಿಗೆ ಬೇಕೇ ಬೇಕು. ಆದರೆ ಸಹ್ಯಾದ್ರಿಯನ್ನು ಈ ಕಡೆಯಿಂದ ನೋಡುವ, ಶಿವಾಜಿ ಮಹಾರಾಜರ ಚರಿತ್ರೆಯನ್ನು ನಾಲ್ಕನೆಯ ತರಗತಿಯ ಮಗುವಿಗೆ ಕನ್ನಡದಲ್ಲಿ ಹೇಳುವ ಪುಸ್ತಕ ಇಲ್ಲಿಯ ಮಗುವಿಗೆ ಹೆಚ್ಚು ಹತ್ತಿರ. ಬೀದಿಯಲ್ಲಿ ಗೆಳೆಯರು ಮರಾಠಿಯಲ್ಲಿ ಓದಿದ್ದನ್ನೇ ನಮ್ಮ ಮಗು ಕನ್ನಡದಲ್ಲಿ ಓದಿರುತ್ತದೆ. ಸಂಜೆಯ ಆಟದಲ್ಲಿ ಇಬ್ಬರೂ ಒಂದೇ ಕೋಟೆಯನ್ನು ಗೆಲ್ಲುತ್ತಾರೆ.

ಪಾರಿಭಾಷಿಕ ಪದಗಳ ಭಯವೂ ಅಷ್ಟು ದೊಡ್ಡದಲ್ಲ. ವ್ಯಾಸ ಎರಡೂ ಭಾಷೆಗಳಲ್ಲಿ ವ್ಯಾಸವೇ. ತ್ರಿಜ್ಯ ಅಲ್ಲಿ ತ್ರಿಜ್ಯಾ. ನಮ್ಮ ತ್ರಿಭುಜ ಅವರಿಗೆ ತ್ರಿಕೋಣ, ನಮ್ಮ ಭಿನ್ನರಾಶಿ ಅಪೂರ್ಣಾಂಕ, ನಮ್ಮ ಲ.ಸಾ.ಅ. ಅವರ ಲಸಾವಿ. ಮಕ್ಕಳು ಇದನ್ನು ಒಗಟಿನಂತೆ ಬಿಡಿಸುತ್ತಾರೆ. ತೊಡರುವುದು ನಮ್ಮ ನಾಲಗೆ. ಗಣಿತಕ್ಕೆ ಇಂಗ್ಲಿಷಿನ ಪದವನ್ನೂ ಜೊತೆಗೇ ಕೊಡುತ್ತ ಹೋಗುವುದು ಒಳ್ಳೆಯದು, ಮುಂದೆ ಅದು ಬೇಕಾಗುತ್ತದೆ. ಆದುದರಿಂದ ಪೂರ್ತಿ ಕನ್ನಡಕ್ಕೆ ನಾವು ಆರಿಸಿಕೊಂಡದ್ದು ಚರಿತ್ರೆಯನ್ನು.

ದೌಲತಾಬಾದಿನಲ್ಲಿ ಚರಿತ್ರೆ ಕಲಿಸುವವನಿಗೆ ಬೇರೆ ನಕ್ಷೆ ಬೇಡ. ಪ್ರವಾಸಿಗಳಿಗೆ ಇಲ್ಲಿ ಸಿಗುವುದು ಬಹುಮಟ್ಟಿಗೆ ತುಘಲಕನ ಕಥೆ, 1327ರಲ್ಲಿ ದೆಹಲಿಯಿಂದ ರಾಜಧಾನಿಯನ್ನು ಇಲ್ಲಿಗೆ ಎಳೆದು ತಂದದ್ದು. ಗಿರೀಶ ಕಾರ್ನಾಡರು 1964ರಲ್ಲಿ ಬರೆದ ನಾಟಕದಿಂದಾಗಿ ಕನ್ನಡಿಗರು ಈ ದಾರಿಯನ್ನು ಮೊದಲೇ ನಡೆದುಬಿಟ್ಟಿದ್ದಾರೆ. ಅದಕ್ಕೂ ಹಿಂದೆ ಇದು ದೇವಗಿರಿ, ಸೇವುಣ ಯಾದವರ ರಾಜಧಾನಿ. ಅವರು ಮೊದಲು ಕಲ್ಯಾಣದ ಚಾಲುಕ್ಯರ ಸಾಮಂತರು; ಅವರ ಶಾಸನಗಳಲ್ಲಿ ಕನ್ನಡದವೇ ಬಹಳ. ಸಿಂಘಣನ ಆಶ್ರಯದಲ್ಲಿ ಶಾರ್ಙ್ಗದೇವ 'ಸಂಗೀತ ರತ್ನಾಕರ'ವನ್ನು ರಚಿಸಿದ್ದು ಇಲ್ಲಿಯೇ. 1347ರಲ್ಲಿ ಬಹಮನಿ ರಾಜ್ಯದ ಮೊದಲ ಸುಲ್ತಾನ ಪಟ್ಟವೇರಿದ್ದೂ ಇದೇ ದೌಲತಾಬಾದಿನಲ್ಲಿ. ಆಮೇಲೆ ಅವನು ರಾಜಧಾನಿಯನ್ನು ಕಲಬುರಗಿಗೆ ಒಯ್ದ. ಕಲಬುರಗಿಯಿಂದ ಉದ್ಯೋಗಕ್ಕಾಗಿ ಇಲ್ಲಿಗೆ ಬಂದ ಮನೆಯ ಮಗುವಿಗೆ ಈ ಒಂದು ವಾಕ್ಯ ಸಾಕು. ಅಪ್ಪ ಬಂದ ದಾರಿಯಲ್ಲಿ ಒಂದು ರಾಜ್ಯ ಎದುರುಮುಖವಾಗಿ ಹೋಗಿತ್ತೆಂದು ಅದಕ್ಕೆ ಹೊಳೆಯುತ್ತದೆ. ಸುಮಾರು 15 ಕಿಲೋಮೀಟರ್ ದೂರದ ಎಲ್ಲೋರದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸವಿದೆ. ಗೋದಾವರಿಯ ದಂಡೆಯ ಪೈಠಣಕ್ಕೆ ಒಂದು ಬೆಳಗಿನ ಪ್ರಯಾಣ. ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆಯೆಂದು ಹೇಳಿದ್ದು ಆ ನದಿಯನ್ನೇ. ನಾಸಿಕದಲ್ಲಿರುವ ಕನ್ನಡಿಗರ ಮನೆಗಳಿಗಂತೂ ಅದು ಊರ ನಡುವಿನ ಹೊಳೆ.

ಇಲ್ಲಿಯೇ ನಾವು ಎಚ್ಚರ ತಪ್ಪುವುದು. ಈ ಪಾಠ 'ಇದೆಲ್ಲ ಒಂದು ಕಾಲಕ್ಕೆ ನಮ್ಮದಾಗಿತ್ತು' ಎಂಬ ಜಂಭಕ್ಕೆ ಎಷ್ಟು ಬೇಗ ಜಾರುತ್ತದೆಂಬುದನ್ನು ನಮ್ಮ ಬಾಯಲ್ಲೇ ಕೇಳಿದ್ದೇವೆ. ಮನೆಯಲ್ಲಿ ಓದುವ ಮಗುವಿಗೆ ತರಗತಿಯ ಸಹಪಾಠಿಗಳಿಲ್ಲ, ಬೀದಿಯ ಗೆಳೆಯರೇ ಎಲ್ಲ. ಗಡಿಯ ಜಗಳವನ್ನು ಅದರ ಚೀಲದಲ್ಲಿಟ್ಟು ಆಡಲು ಕಳುಹಿಸಿದರೆ ಅದು ಒಂಟಿಯಾಗುತ್ತದೆ. ಆದುದರಿಂದ ಈ ಬೇಸಿಗೆಯಲ್ಲಿ ನಾವು ಎರಡು ಪುಸ್ತಕಗಳನ್ನು ಜೊತೆಯಾಗಿ ಓದುತ್ತಿದ್ದೇವೆ: ಶಂ. ಬಾ. ಜೋಶಿಯವರ 'ಕಣ್ಮರೆಯಾದ ಕನ್ನಡ', ರಾ. ಚಿಂ. ಢೇರೆಯವರ ಮರಾಠಿ ಕೃತಿ 'ಶ್ರೀ ವಿಠ್ಠಲ: ಏಕ ಮಹಾಸಮನ್ವಯ'. ಒಬ್ಬರು ಮಹಾರಾಷ್ಟ್ರದ ನೆಲದಲ್ಲಿ ಕನ್ನಡದ ಜಾಡು ಹಿಡಿದ ಕನ್ನಡಿಗರು. ಇನ್ನೊಬ್ಬರು ಪಂಢರಪುರದ ದೇವರ ಮೂಲವನ್ನು ದಕ್ಷಿಣದ ಕುರಿಗಾಹಿಗಳಲ್ಲಿ ಹುಡುಕಿದ ಮರಾಠಿ ವಿದ್ವಾಂಸರು. ಮರಾಠಿಯನ್ನು ಕೂಡಿಸಿಕೊಂಡು ಓದುವ ಈ ಕೆಲಸ ನಿಧಾನ. ಮೇಲ್ಮನೆಯ ಕಾಕೂ ಒಬ್ಬರು ಸಂಜೆ ಅರ್ಧ ಗಂಟೆ ಕುಳಿತು ಅರ್ಥ ಹೇಳುತ್ತಾರೆ, ಬದಲಿಗೆ ನಮ್ಮಿಂದ ಕನ್ನಡದ ಅಂಕಿಗಳನ್ನು ಕಲಿಯುತ್ತಿದ್ದಾರೆ.

ಮನೆಪಾಠವನ್ನೇ ಒಪ್ಪದ ಬಂಧುಗಳಿದ್ದಾರೆ. ಅವರ ಆತಂಕ ಸುಳ್ಳಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಸೇರಿಸದವರಿಗೆ ದಂಡನೆಯನ್ನೇನೂ ಹೇಳಿಲ್ಲ. ಈ ಎರಡರ ನಡುವಣ ಜಾಗದಲ್ಲಿ ನಾವು ನಿಂತಿದ್ದೇವೆ, ಅದು ಆರಾಮದ ಜಾಗವಲ್ಲ. ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ 14 ತುಂಬಿದವರು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಅಲ್ಲಿ ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಲು ಅವಕಾಶವಿದೆ. ಆದರೆ ಪರೀಕ್ಷೆಗಿಂತ ನಮ್ಮನ್ನು ಹೆಚ್ಚು ಕಾಡಿದ್ದು ಬೇರೊಂದು. ಪಾಠದ ಹೊರೆಯೆಲ್ಲ ತಾಯಂದಿರ ಮೇಲೆಯೇ ಬಿತ್ತು. ಕಳೆದ ವರ್ಷ ಒಂದು ಮನೆಯವರು ದಣಿದು, ನಡುವರ್ಷದಲ್ಲಿ ಮಗನನ್ನು ಶಾಲೆಗೆ ಸೇರಿಸಿದರು. ಅವರು ಸೋತರೆಂದು ನಾವು ಎಣಿಸುವುದಿಲ್ಲ. ಆ ದಣಿವು ನಮಗೆ ಮೊದಲೇ ಕಾಣಬೇಕಿತ್ತು, ಏಕೆಂದರೆ ವೇಳಾಪಟ್ಟಿ ಬರೆದವರು ಅಪ್ಪಂದಿರು, ನಡೆಸಿದವರು ಅಮ್ಮಂದಿರು.

ಈ ಬಾರಿ ವೇಳಾಪಟ್ಟಿಯಿಲ್ಲ. ಚರಿತ್ರೆ ಅಪ್ಪಂದಿರ ಪಾಲಿಗೆ ಬಂದಿದೆ. ವಾರಕ್ಕೆ ಮೂರು ಬೆಳಗು, ಕಚೇರಿಗೆ ಹೊರಡುವ ಮುನ್ನ, ಕನ್ನಡದಲ್ಲಿ. ಉಳಿದ ಮನೆಗಳ ಮಕ್ಕಳೂ ಅಲ್ಲಿಗೇ ಬರುತ್ತಾರೆ. ಮೇ ತಿಂಗಳ ರಾತ್ರಿಗಳಲ್ಲಿ ಮಾಳಿಗೆಯ ಮೇಲೆ ಕುಳಿತು ನಾವು ಒಬ್ಬರಿಗೊಬ್ಬರು ಪಾಠ ಹೇಳಿ ನೋಡುತ್ತಿದ್ದೇವೆ. 'ಸಾಮಂತ' ಎಂದರೇನೆಂದು ಇಂಗ್ಲಿಷ್ ಬಳಸದೆ ವಿವರಿಸಲು ಒಬ್ಬ ಇಂಜಿನಿಯರ್ ಮಹಾಶಯರಿಗೆ ಹತ್ತು ನಿಮಿಷ ಬೇಕಾಯಿತು. ಕೆಳಗೆ ಮಲಗಿದ್ದಾಳೆಂದುಕೊಂಡಿದ್ದ ಮಗಳು ಮೆಟ್ಟಿಲ ಮೇಲೆ ಕುಳಿತು ಕೇಳಿಸಿಕೊಂಡು, ಮರುದಿನ ಅಜ್ಜಿಗೆ ಫೋನಿನಲ್ಲಿ ಅದನ್ನು ಎರಡೇ ಮಾತಿನಲ್ಲಿ ಹೇಳಿದಳು.

ಮೊದಲ ಪಾಠ ಜೂನ್ ನಡುವೆ, ಒಂದೆರಡು ಮಳೆ ಬಿದ್ದ ಮೇಲೆ, ಕೋಟೆಯ ಅಂಧೇರಿ ಎಂಬ ಕತ್ತಲ ಸುರಂಗದ ಬಾಯಲ್ಲಿ. ಟಾರ್ಚಿಗೆ ಸೆಲ್ಲು ತರುವುದೊಂದು ಬಾಕಿಯಿದೆ.