ಅರ್ಥವಾದರೆ ಸಾಕೇ, ಆಡಲೂ ಬೇಕೇ?

ಬ್ರಿಟನ್ನಿನ ಆಸ್ಪತ್ರೆಯ ವಾರ್ಡಿನಲ್ಲಿ ವಯಸ್ಸಾದ ರೋಗಿಯೊಬ್ಬರು ‘ಸ್ಪೆಂಡ್ ಎ ಪೆನ್ನಿ’ ಎಂದರೆ ಅದು ಕಾಸಿನ ಮಾತಲ್ಲ, ಅವರಿಗೆ ಮೂತ್ರಕ್ಕೆ ಹೋಗಬೇಕಾಗಿದೆ. ಅಲ್ಲಿನ ಸಾರ್ವಜನಿಕ ಶೌಚಾಲಯದ ಬಾಗಿಲು ತೆರೆಯಲು ಒಂದು ಕಾಲಕ್ಕೆ ಒಂದು ಪೆನ್ನಿ ಹಾಕಬೇಕಿತ್ತು. ‘ವಾಟರ್‌ವರ್ಕ್ಸ್’ ಕೆಟ್ಟಿದೆ ಎಂದರೂ ಅಷ್ಟೇ, ದೂರು ನಲ್ಲಿಯದಲ್ಲ. ಮಂಗಳೂರಿನಲ್ಲಿ ನರ್ಸಿಂಗ್ ಓದಿ ಅಲ್ಲಿಗೆ ಹೋದವರು ಪಠ್ಯದಲ್ಲಿ ಕಲಿತದ್ದು ‘ಯೂರಿನ್’, ‘ಬ್ಲ್ಯಾಡರ್’. ‘ಸರಳವಾಗಿ ಹೇಳಿ ಅಜ್ಜ’ ಎಂದು ರೋಗಿಯನ್ನು ತಿದ್ದಲಾಗದು. ನೋವಿನಲ್ಲಿರುವವರು ತಮಗೆ ರೂಢಿಯಾದ ಮಾತನ್ನೇ ಆಡುತ್ತಾರೆ, ನಾಚಿಕೆಯ ವಿಷಯವಾದರೆ ಇನ್ನಷ್ಟು ಸುತ್ತಿ ಬಳಸಿ. ಇಂಗ್ಲಿಷಿನ ಆಡುನುಡಿಗಟ್ಟುಗಳನ್ನು ಕಲಿಯಲೇಬೇಕು ಎನ್ನುವವರ ಪಕ್ಷಕ್ಕೆ ಇದಕ್ಕಿಂತ ಗಟ್ಟಿ ಆಧಾರ ನನಗೆ ಕಾಣದು.

ಎದುರಿಗಿರುವುದು ರೋಗಿಯಲ್ಲ, ಸಹೋದ್ಯೋಗಿಗಳು ಎಂದಾದರೆ ಲೆಕ್ಕ ಬೇರೆ. ಬೆಂಗಳೂರಿನ ಎಂಜಿನಿಯರ್, ಬರ್ಲಿನ್ನಿನ ಮ್ಯಾನೇಜರ್, ಟೋಕಿಯೋದ ಗ್ರಾಹಕ, ಜೊತೆಗೊಬ್ಬ ಅಮೆರಿಕನ್ ಒಂದೇ ಕಾಲ್‌ನಲ್ಲಿದ್ದಾರೆ. ಮೊದಲ ಮೂವರದ್ದೂ ಕಲಿತ ಇಂಗ್ಲಿಷ್, ಮಾತು ಸಲೀಸಾಗಿ ನಡೆಯುತ್ತದೆ. ಅಮೆರಿಕನ್ ‘ಬಾಲ್‌ಪಾರ್ಕ್ ಫಿಗರ್’ (ಅಂದಾಜು ಲೆಕ್ಕ) ಕೇಳಿ, ನಾಳೆ ‘ಟಚ್ ಬೇಸ್’ ಮಾಡೋಣ (ಮತ್ತೆ ಮಾತಾಡೋಣ) ಎಂದಾಗ ಎಲ್ಲರೂ ತಲೆಯಾಡಿಸುತ್ತಾರೆ, ಅರ್ಥವಾದದ್ದು ಎಷ್ಟು ಜನಕ್ಕೋ. ಒಬ್ಬರಿಗೆ ಮಾತ್ರ ಗೊತ್ತಿರುವ ನುಡಿಗಟ್ಟು ಹೀಗೆ ಮಾತನ್ನು ಕೆಡಿಸುವುದಕ್ಕೆ ವಿಯೆನ್ನಾದ ಭಾಷಾವಿಜ್ಞಾನಿ ಬಾರ್ಬರಾ ಸೈಡ್ಲ್‌ಹೋಫರ್ ಒಂದು ಹೆಸರನ್ನೇ ಕೊಟ್ಟಿದ್ದಾರೆ. ಕನ್ನಡದಲ್ಲಿ ಏಕಪಕ್ಷೀಯ ನುಡಿಗಟ್ಟು ಎನ್ನಬಹುದು. (ಕ್ರಿಕೆಟ್ಟಿನಿಂದ ಹುಟ್ಟಿದ್ದೆಲ್ಲ ನಮಗೆ ಪುಕ್ಕಟೆ ದಕ್ಕುತ್ತದೆ, ‘ಬ್ಯಾಕ್ ಫುಟ್’ ಎಂಬುದನ್ನು ಯಾವ ಊರಿನ ಹುಡುಗರಿಗೂ ಬಿಡಿಸಿ ಹೇಳಬೇಕಿಲ್ಲ. ಅಮೆರಿಕನ್ನನ ಆ ಎರಡು ಮಾತುಗಳ ಮೂಲವಾದ ಬೇಸ್‌ಬಾಲ್ ಮಾತ್ರ ನಮ್ಮ ಬೀದಿಗೆ ಬರಲಿಲ್ಲ.) ಇಂಗ್ಲಿಷ್ ಮನೆಮಾತಾದವರೇನೂ ಈ ತೊಡಕಿಗೆ ಹೊರತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವ ಬಗ್ಗೆ ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳು ಬಹಳ ಹೊತ್ತು ಕಚ್ಚಾಡಿದ್ದನ್ನು ಚರ್ಚಿಲ್ ದಾಖಲಿಸಿದ್ದಾರೆ. ಬ್ರಿಟಿಷರಿಗೆ ಅದರರ್ಥ ಈಗಲೇ ಚರ್ಚಿಸೋಣ ಎಂದು, ಅಮೆರಿಕನ್ನರಿಗೆ ಬದಿಗಿಡೋಣ ಎಂದು.

ನುಡಿಗಟ್ಟಿಲ್ಲದ ಇಂಗ್ಲಿಷನ್ನು ಪ್ರಯತ್ನಪೂರ್ವಕ ಕಟ್ಟಿದವರೂ ಇದ್ದಾರೆ. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಆರಂಭಿಸಿದ ‘ಸ್ಪೆಷಲ್ ಇಂಗ್ಲಿಷ್’ ಸುದ್ದಿಯಲ್ಲಿ ಸುಮಾರು 1,500 ಪದಗಳು, ನಿಧಾನದ ಓದು, ನುಡಿಗಟ್ಟಿಗೆ ಪ್ರವೇಶವಿರಲಿಲ್ಲ. ಆದರೆ ನುಡಿಗಟ್ಟುಗಳ ಕಥೆ ಹೇಳಲೆಂದೇ ಅದೇ ಬಾನುಲಿ ಇನ್ನೊಂದು ಕಾರ್ಯಕ್ರಮವನ್ನೂ ನಡೆಸಿತು. ಎರಡೂ ವಾದ ಒಂದೇ ಸೂರಿನಡಿ ಬಾಳಿದವು. ವಿಮಾನಯಾನದಲ್ಲಂತೂ ತೀರ್ಮಾನ ಖಚಿತ. ಅಂತರರಾಷ್ಟ್ರೀಯ ಹಾರಾಟಕ್ಕೆ ಪೈಲಟ್‌ಗೆ ಇಂಗ್ಲಿಷ್ ಸಾಮರ್ಥ್ಯದ ಆರು ಹಂತಗಳಲ್ಲಿ ನಾಲ್ಕನೆಯದು ಸಾಕು. ನುಡಿಗಟ್ಟಿನ ಬಳಕೆಯನ್ನು ನಿರೀಕ್ಷಿಸುವುದು ಅದಕ್ಕಿಂತ ಮೇಲಿನ ಹಂತಗಳಲ್ಲಿ.

ಇನ್ನು ಪಟ್ಟಿ ಉರುಹೊಡೆಯುವವರ ವಿಷಯ. ನಮ್ಮ ಸ್ಪರ್ಧಾತ್ಮಕ ಪರೀಕ್ಷೆಗಳು ನುಡಿಗಟ್ಟಿನ ಮೇಲೆ ಪ್ರಶ್ನೆ ಕೇಳುತ್ತವೆ, ಅಂಕ ಬೇಕಾದವರು ಓದದೆ ವಿಧಿಯಿಲ್ಲ. ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆಯಲ್ಲೂ ಮೇಲಿನ ಬ್ಯಾಂಡುಗಳಿಗೆ ನುಡಿಗಟ್ಟಿನ ಬಳಕೆ ಅಳತೆಯ ಒಂದು ಭಾಗ. ಆದರೆ ಪಟ್ಟಿಯಲ್ಲಿ ಮಿಂಚುವ ‘ಕಿಕ್ ದ ಬಕೆಟ್’ (ಸಾಯು) ನಿಜವಾದ ಬಳಕೆಯಲ್ಲಿ ಅಪರೂಪ. ರೋಸಮಂಡ್ ಮೂನ್ ದೊಡ್ಡ ಪಠ್ಯಕೋಶವೊಂದನ್ನು ಜಾಲಾಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇಂಥ ಸಿದ್ಧನುಡಿಗಳಲ್ಲಿ ಬಹುಪಾಲು ಹತ್ತು ಲಕ್ಷ ಪದಗಳಿಗೆ ಒಂದು ಸಲವೂ ಬರುವುದಿಲ್ಲ. ಅಷ್ಟು ಅಪರೂಪದ್ದಕ್ಕೆ ಕಲಿಯುವವರ ಸಂಜೆಗಳನ್ನು ಒತ್ತೆಯಿಡುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯಾಪಾರ.

ಹಾಗೆಂದು ಸರಳ ಇಂಗ್ಲಿಷ್ ಪಕ್ಷವೂ ಪೂರ್ತಿ ಗೆಲ್ಲುವುದಿಲ್ಲ. ಸಿ.ಕೆ. ಆಗ್ಡನ್ 1930ರಲ್ಲಿ 850 ಪದಗಳ ‘ಬೇಸಿಕ್ ಇಂಗ್ಲಿಷ್’ ರೂಪಿಸಿದರು. ಕ್ರಿಯಾಪದಗಳನ್ನು ಬೆರಳೆಣಿಕೆಗೆ ಇಳಿಸಿದ್ದರಿಂದ ‘ಪುಟ್’, ‘ಗೆಟ್’, ‘ಗಿವ್’ಗಳೇ ಎಲ್ಲ ಹೊರೆ ಹೊರಬೇಕಾಯಿತು. ಕಲಿಯುವವರಿಗೆ ನಿಜವಾಗಿ ಕಷ್ಟವಿರುವುದು ಅಲ್ಲೇ. ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಬಿಡಿ ಪದಗಳೆಲ್ಲ ಮೂರನೇ ತರಗತಿಯವು, ಕೂಡಿದಾಗ ಅರ್ಥ ಕೈಗೆ ಸಿಗದು. ನಾಯಿ ಬೆಕ್ಕು ಮಳೆಯಾಗಿ ಸುರಿದರೆ ಏನೋ ವಿಚಿತ್ರವಿದೆ ಎಂದಾದರೂ ಹೊಳೆಯುತ್ತದೆ. ‘ಪುಟ್ ಆಫ್’ನಂಥವು ಅನುಮಾನವನ್ನೂ ಹುಟ್ಟಿಸದೆ ಜಾರಿಹೋಗುತ್ತವೆ. ದಿನದ ಮಾತಿನ ತುಂಬ ಇವೇ ಇರುವಾಗ ನುಡಿಗಟ್ಟು ಬೇಡ ಎನ್ನುವುದು ಬಾಯಿಮಾತಾದೀತು.

ಆದ್ದರಿಂದ ಕಿವಿಗೆ ಕಲಿಸಬೇಕು, ನಾಲಿಗೆಗೆ ಅವಸರವಿಲ್ಲ ಎಂಬುದು ನನ್ನ ಅಭಿಪ್ರಾಯ. ಇದಕ್ಕೂ ಒಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಸದಾ ನೇರ ವಾಕ್ಯಗಳಲ್ಲೇ ಮಾತಾಡುವವರು ಸಭೆಯಲ್ಲಿ ಸಲ್ಲುತ್ತಾರೆ, ಸಭೆಯ ನಂತರದ ಹರಟೆಯಲ್ಲಿ ಹೊರಗಿನವರಾಗಿ ಉಳಿಯುತ್ತಾರೆ. ಬೆಂಗಳೂರಿಗೆ ಬಂದ ಉತ್ತರದವರೊಬ್ಬರು ‘ಊಟ ಆಯ್ತಾ?’ ಎಂದರೆ ನಮ್ಮ ಮುಖ ಅರಳುವುದಿಲ್ಲವೇ?

ಗೊತ್ತಾಗದಿದ್ದರೆ ಕೇಳಿದರಾಯಿತು ಎನ್ನುವವರಿದ್ದಾರೆ. ಕೇಳಬಹುದು, ಹುದ್ದೆ ದೊಡ್ಡದಿದ್ದರೆ. ಮ್ಯಾನೇಜರ್ ಕೇಳಿದರೆ ಅದು ಎಚ್ಚರಿಕೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ಹೊಸ ಟ್ರೈನಿ ಕೇಳಿದರೆ ‘ಇಂಗ್ಲಿಷ್ ವೀಕು’ ಎಂಬ ಮುದ್ರೆ. ಅದಕ್ಕೇ ಸಭೆ ನಡೆಸುವವರು ಮೊದಲು ತಮ್ಮ ಮಾತನ್ನು ಬಿಚ್ಚಿ ಆಡಲಿ. ‘ಬಾಲ್‌ಪಾರ್ಕ್’ ಬಿಟ್ಟು, ಸುಮಾರು ಎಷ್ಟಾದೀತು ಎಂದು ಕೇಳಿದರೆ ಟ್ರೈನಿಯೂ ಉತ್ತರ ಕೊಡುತ್ತಾನೆ, ಟೋಕಿಯೋದವರೂ ಕೊಡುತ್ತಾರೆ.